ಮುಂಬಯಿಗೆ ಬಂದ ನ್ಯೂಯಾರ್ಕಿನ ವಕೀಲರು

ವಕೀಲರು ಎಂದರೆ ನಮ್ಮ ಕಡೆಯ ಜನಕ್ಕೆ ಒಂದೇ ಚಿತ್ರ. ಕರಿ ಕೋಟು, ಕಂಕುಳಲ್ಲಿ ಕಡತದ ಕಟ್ಟು, ತಹಶೀಲ ಕಚೇರಿಯ ಪಕ್ಕದ ಕೋರ್ಟು. ಅಕ್ಕಲಕೋಟೆ ಇರಲಿ, ಜತ್ತ ಇರಲಿ, ಹೊಲದ ತಂಟೆ, ಪಾಲುಪಟ್ಟಿ, ಸಾಲದ ದಾವೆ ಇವೇ ಅವರ ಕೆಲಸ. ಕನ್ನಡದಲ್ಲಿ ಹೇಳಿಕೊಂಡ ದುಃಖವನ್ನು ಮರಾಠಿಯಲ್ಲಿ ಬರೆದು, ಮೇಲಿನ ಕೋರ್ಟಿಗೆ ಹೋದರೆ ಇಂಗ್ಲಿಷಿಗೆ ತಿರುಗಿಸುವ ಮನುಷ್ಯ ವಕೀಲ. ಹೀಗಿರುವಾಗ, ಕೋರ್ಟಿನ ಮೆಟ್ಟಿಲನ್ನೇ ಹತ್ತದ, ಜಡ್ಜರ ಮುಖವನ್ನೇ ನೋಡದ, ಆದರೂ ಲೋಕದ ಅತಿ ದೊಡ್ಡ ಶುಲ್ಕ ಪಡೆಯುವ ವಕೀಲರೂ ಇದ್ದಾರೆ ಎಂದರೆ ನಮ್ಮ ಹಿರಿಯರು ನಂಬುವುದು ಕಷ್ಟ. ಅಂಥ ವಕೀಲರ ಮೂರು ಸಂಸ್ಥೆಗಳು 1990ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದು ಕಚೇರಿ ತೆರೆದವು. ಅದರ ಮೇಲೆ ನಮ್ಮದೇ ಬಾಂಬೆ ಹೈಕೋರ್ಟಿನಲ್ಲಿ ಹದಿನಾಲ್ಕು ವರ್ಷ ಮೊಕದ್ದಮೆ ನಡೆಯಿತು. ಪೇಪರಿನ ಒಳಪುಟದಲ್ಲಿ ಸಣ್ಣಗೆ ಬಂದು ಹೋದ ಈ ಸುದ್ದಿಯನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಯಾಕೆಂದರೆ ಅವರು ಬರೆಯುವಂಥ ಕಾಗದದ ಬಾಕಿಯನ್ನು ಕೊನೆಗೆ ತೀರಿಸುವವರಲ್ಲಿ ಕರೆಂಟು ಬಿಲ್ಲು ಕಟ್ಟುವ ನಾವೂ ಇದ್ದೇವೆ.

ವಿದೇಶಿ ವಕೀಲರು ಮುಂಬಯಿಗೆ ಬಂದದ್ದು ಅದೇ ಮೊದಲಲ್ಲ. ಬಾಂಬೆ ಹೈಕೋರ್ಟು ಸ್ಥಾಪನೆಯಾದದ್ದು 1862ರಲ್ಲಿ. ಅದಕ್ಕೂ ಮೊದಲೇ ಕೋಟೆಯೊಳಗೆ ಇಂಗ್ಲಿಷ್ ಸಾಲಿಸಿಟರರ ಕಂಪನಿಗಳು ಇದ್ದವು. ಕ್ರಾಫರ್ಡ್ ಬೇಯ್ಲಿ 1830ರಷ್ಟು ಹಳೆಯದು, ಲಿಟಲ್ ಅಂಡ್ ಕಂಪನಿ 1856ರದು. ಆಗಿನ ಪದ್ಧತಿಯಲ್ಲಿ ವಕೀಲಿ ಎರಡು ಹೋಳು. ಕಕ್ಷಿಗಾರ ಮೊದಲು ಸಾಲಿಸಿಟರರ ಬಳಿಗೆ ಹೋಗಬೇಕು. ಅವರು ಕಾಗದ ತಯಾರಿಸಿ ಬ್ಯಾರಿಸ್ಟರರಿಗೆ ಒಪ್ಪಿಸಬೇಕು. ಬ್ಯಾರಿಸ್ಟರ್ ಮಾತ್ರ ಜಡ್ಜರ ಎದುರು ನಿಂತು ವಾದಿಸಬೇಕು. ಬರೆಯುವವ ಬೇರೆ, ಮಾತಾಡುವವ ಬೇರೆ. ಕಾಲ ಸರಿದಂತೆ ಆ ಕಂಪನಿಗಳಿಗೆ ನಮ್ಮವರೇ ಪಾಲುದಾರರಾದರು, ಸ್ವಾತಂತ್ರ್ಯ ಬಂತು, ಹೆಸರು ಮಾತ್ರ ಇಂಗ್ಲಿಷಿನದು ಉಳಿಯಿತು. 1961ರಲ್ಲಿ ವಕೀಲರ ಕಾಯಿದೆ ಬಂದು ಇಡೀ ದೇಶಕ್ಕೆ 'ಅಡ್ವೊಕೇಟ್' ಎಂಬ ಒಂದೇ ವರ್ಗ ಎಂದು ಹೇಳಿತು. 1976ರ ತಿದ್ದುಪಡಿಯಿಂದ ಹಳೆಯ ಅಟಾರ್ನಿ ವರ್ಗವೂ ಕಾನೂನಿನಿಂದ ಹೋಯಿತು. ಮುಂಬಯಿಯಲ್ಲಿ ಸಾಲಿಸಿಟರ್ ಪರೀಕ್ಷೆ ಮಾತ್ರ ನಿಲ್ಲಲಿಲ್ಲ. ಹಳೆಯ ಊರಿನ ಹಳೆಯ ಚಟ!

ಇನ್ನೊಂದು ಹಳೆಯ ಮಾತು. ನಮ್ಮ ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಬಂತು. ಅದು ಮುಂದೆ ಅಕ್ಕಲಕೋಟೆ ರೋಡು, ದುಧನಿ, ಗುಲಬರ್ಗಾ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ರೈಲಿಗೆ ಕೂಡಿತು. ಆ ಹಳಿ ಹಾಕಿದ ಜಿಐಪಿ ಕಂಪನಿ ಲಂಡನ್ನಿನದು. 1849ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಜೊತೆ ಮಾಡಿಕೊಂಡ ಕರಾರಿನ ಜೀವಾಳ ಒಂದೇ ಮಾತಿನಲ್ಲಿತ್ತು: ರೈಲು ಲಾಭ ಮಾಡಲಿ ಬಿಡಲಿ, ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ. 5 ಖಾತರಿ. ಕಡಿಮೆ ಬಿದ್ದರೆ ಇಲ್ಲಿಯ ಖಜಾನೆಯಿಂದ ತುಂಬಿಕೊಡಬೇಕು. ಈ 'ಖಾತರಿ' ಎಂಬ ಶಬ್ದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನೂರನಲವತ್ತು ವರ್ಷ ಬಿಟ್ಟು ಇದೇ ಶಬ್ದ ಮತ್ತೆ ಬರುತ್ತದೆ.

1991ರಲ್ಲಿ ಸರ್ಕಾರದ ಕೈಯಲ್ಲಿ ವಿದೇಶಿ ಹಣ ಬರಿದಾಗಿ, ಬಾಗಿಲು ತೆರೆಯುವ ನೀತಿ ಬಂದ ಕಥೆ ಎಲ್ಲರಿಗೂ ಗೊತ್ತಿದೆ. ಮೊದಲು ತೆರೆದ ಬಾಗಿಲುಗಳಲ್ಲಿ ವಿದ್ಯುತ್ತಿನದೂ ಒಂದು. ಖಾಸಗಿ ಕಂಪನಿ ವಿದ್ಯುತ್ ಸ್ಥಾವರ ಕಟ್ಟಬಹುದು, ಪೂರ್ತಿ ವಿದೇಶಿ ಬಂಡವಾಳವೂ ಆಗಬಹುದು, ಸ್ಥಾವರ ತನ್ನ ಸಾಮರ್ಥ್ಯದ ಶೇ. 68.5ರಷ್ಟು ದುಡಿದರೆ ಸಾಕು, ಹೂಡಿದ ಬಂಡವಾಳಕ್ಕೆ ಶೇ. 16 ಲಾಭ ಎಂದು 1992ರಲ್ಲಿ ಗೊತ್ತುಮಾಡಿದರು. ಅದೇ ವರ್ಷ ರಿಲಯನ್ಸ್ ಕಂಪನಿ ಹೊರದೇಶದ ಪೇಟೆಯಲ್ಲಿ ತನ್ನ ಷೇರಿನ ರಸೀದಿ ಮಾರಿ ಹಣ ಎತ್ತಿತು. ಹಾಗೆ ಮಾಡಿದ ಮೊದಲ ಭಾರತೀಯ ಕಂಪನಿ ಅದು.

ಈಗ ನಮ್ಮ ಪ್ರಶ್ನೆ. ಸ್ಥಾವರ ಕೊಂಕಣದಲ್ಲಿ, ಕರೆಂಟು ಕೊಳ್ಳುವುದು ಮಹಾರಾಷ್ಟ್ರದ ವಿದ್ಯುತ್ ಮಂಡಳಿ, ಬಿಲ್ಲು ಕಟ್ಟುವುದು ನಾವು. ಇದರಲ್ಲಿ ನ್ಯೂಯಾರ್ಕಿನ ವಕೀಲನಿಗೆ ಏನು ಕೆಲಸ?

ಕೆಲಸ ಇದೆ, ಬಹಳ ಇದೆ. ಸಾಲ ಕೊಡುವ ಬ್ಯಾಂಕು ಲಂಡನ್ನಿನದೋ ನ್ಯೂಯಾರ್ಕಿನದೋ ಇರುತ್ತದೆ. ನಮ್ಮೂರಿನ ಸೊಸೈಟಿ ಸಾಲಕ್ಕೆ ಉತಾರೆ ನೋಡಿ, ಇಬ್ಬರು ಜಾಮೀನುದಾರರ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಯೂ ಅದೇ ಪದ್ಧತಿ, ಅಳತೆ ಮಾತ್ರ ಬೇರೆ. ಇನ್ನೂ ಕಟ್ಟದ ಸ್ಥಾವರಕ್ಕೆ ಸಾಲ ಕೊಡುವಾಗ ಅಡವು ಇಟ್ಟುಕೊಳ್ಳಲು ಕಾಗದವೊಂದೇ ಗತಿ. ಹಾಗಾಗಿ ಕರೆಂಟು ಮಾರುವ ಕರಾರು, ಇಂಧನ ಕೊಳ್ಳುವ ಕರಾರು, ಸ್ಥಾವರ ಕಟ್ಟುವ ಗುತ್ತಿಗೆ, ಅದನ್ನು ನಡೆಸುವ ಗುತ್ತಿಗೆ, ಸಾಲದ ಕರಾರು, ವಿಮೆ, ರಾಜ್ಯ ಸರ್ಕಾರದ ಖಾತರಿ, ಅದರ ಮೇಲೆ ಕೇಂದ್ರದ ಪ್ರತಿಖಾತರಿ, ಇಷ್ಟೂ ಒಂದಕ್ಕೊಂದು ಹೆಣೆದುಕೊಳ್ಳಬೇಕು. ಒಂದರಲ್ಲಿ ಸಡಿಲು ಬಿಟ್ಟರೆ ಎಲ್ಲವೂ ಸಡಿಲು. ಬ್ಯಾಂಕಿನವರು ತಮಗೆ ಗೊತ್ತಿರುವ ಕಾನೂನನ್ನೇ ಕೇಳುತ್ತಾರೆ. ಸಾಲದ ಕರಾರು ಇಂಗ್ಲೆಂಡಿನ ಅಥವಾ ನ್ಯೂಯಾರ್ಕಿನ ಕಾನೂನಿನ ಪ್ರಕಾರ, ತಂಟೆ ಬಂದರೆ ಲಂಡನ್ನಿನಲ್ಲಿ ಮಧ್ಯಸ್ಥಿಕೆ. ಆ ಕಾನೂನು ಬಲ್ಲವರು ಆ ಊರಿನ ವಕೀಲರೇ. ಇಲ್ಲಿಯ ನೆಲ, ತೆರಿಗೆ, ಪರವಾನಗಿಗಳ ಬಗ್ಗೆ ಅಭಿಪ್ರಾಯ ಕೊಡಲು ಮುಂಬಯಿ ಇಲ್ಲವೆ ದೆಹಲಿಯ ಒಂದು ಭಾರತೀಯ ಕಂಪನಿ. ಮೇಜಿನ ಒಂದು ತುದಿಯಲ್ಲಿ ಇವರು, ಇನ್ನೊಂದು ತುದಿಯಲ್ಲಿ ಅವರು. ಕರಡು ತಿದ್ದುವುದು, ಮತ್ತೆ ತಿದ್ದುವುದು, ರಾತ್ರಿ ಫ್ಯಾಕ್ಸ್ ಮಾಡುವುದು, ಬೆಳಿಗ್ಗೆ ಮತ್ತೆ ಅದನ್ನೇ ಹಿಡಿದು ಕೂರುವುದು. ಒಟ್ಟಿನಲ್ಲಿ ಬರವಣಿಗೆಯ ಕೆಲಸ. ಹಳೆಯ ಸಾಲಿಸಿಟರರ ಕೆಲಸವೇ ಹೊಸ ಬಟ್ಟೆ ತೊಟ್ಟು ಬಂದಿತ್ತು ಎನ್ನಿ.

ಇಂಥ ಕೆಲಸ ಹಿಡಿದುಕೊಂಡೇ ಮೂರು ಸಂಸ್ಥೆಗಳು ಭಾರತದಲ್ಲಿ ಕಚೇರಿ ಬೇಕೆಂದು ಕೇಳಿದವು. ನ್ಯೂಯಾರ್ಕಿನ ವೈಟ್ ಅಂಡ್ ಕೇಸ್ (1901ರಲ್ಲಿ ಹುಟ್ಟಿದ್ದು), ನ್ಯೂಯಾರ್ಕಿನದೇ ಆದ ಚಾಡ್‌ಬೋರ್ನ್ ಅಂಡ್ ಪಾರ್ಕ್ (1902), ಲಂಡನ್ನಿನ ಆಶರ್ಸ್ಟ್ ಮಾರಿಸ್ ಕ್ರಿಸ್ಪ್ (1822). ಕೇಳಿದ್ದು ವಕೀಲರ ಪರಿಷತ್ತನ್ನಲ್ಲ, ರಿಸರ್ವ್ ಬ್ಯಾಂಕನ್ನು! ಆಗ ಜಾರಿಯಲ್ಲಿದ್ದ 1973ರ ವಿದೇಶಿ ವಿನಿಮಯ ಕಾಯಿದೆಯ 29ನೆಯ ಕಲಮಿನ ಪ್ರಕಾರ, ಹೊರದೇಶದ ಕಂಪನಿ ಇಲ್ಲಿ ಕಚೇರಿ ತೆರೆಯಬೇಕಾದರೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕಿತ್ತು. ಸಾಬೂನಿನ ಕಂಪನಿಗೂ ಅದೇ ಕಲಮು, ವಕೀಲರಿಗೂ ಅದೇ ಕಲಮು. ಬ್ಯಾಂಕು ಒಪ್ಪಿಗೆ ಕೊಟ್ಟಿತು, ಆದರೆ ಅದು 'ಸಂಪರ್ಕ ಕಚೇರಿ'ಗೆ ಮಾತ್ರ. ಲಿಯೇಸನ್ ಆಫೀಸು ಎನ್ನುತ್ತಾರಲ್ಲ, ಅದು. ಷರತ್ತು ಏನೆಂದರೆ, ಇಲ್ಲಿ ಒಂದು ರೂಪಾಯಿಯನ್ನೂ ಗಳಿಸಬಾರದು. ಬಾಡಿಗೆ, ಪಗಾರ ಎಲ್ಲವೂ ತಾಯಿಮನೆಯಿಂದ ಬಂದ ವಿದೇಶಿ ಹಣದಲ್ಲೇ ನಡೆಯಬೇಕು. ಕೆಲಸ ಇಲ್ಲಿಯ ಕಕ್ಷಿಗಾರರಿಗೂ ಅಲ್ಲಿಯ ಕಚೇರಿಗೂ ನಡುವೆ ಸುದ್ದಿ ಸಾಗಿಸುವುದಷ್ಟೇ.

ಸಂಪರ್ಕ ಎಂದರೇನು? ಇಲ್ಲೇ ಗಂಟು ಬಿದ್ದದ್ದು. ಕಕ್ಷಿಗಾರ ಬಂದು ಕರಾರಿನ ಬಗ್ಗೆ ಕೇಳುತ್ತಾನೆ, ವಕೀಲ ಉತ್ತರ ಹೇಳುತ್ತಾನೆ, ಕರಡನ್ನು ತಿದ್ದುತ್ತಾನೆ, ಬಿಲ್ಲು ಮಾತ್ರ ನ್ಯೂಯಾರ್ಕಿನಿಂದ ಹೋಗುತ್ತದೆ. ಇದು ಸಂಪರ್ಕವೋ ವಕೀಲಿಯೋ? ನಮ್ಮೂರಿನ ಡಾಕ್ಟರು ಮನೆಯಲ್ಲಿ ರೋಗಿಯನ್ನು ನೋಡಿ, ದುಡ್ಡನ್ನು ಸೊಲ್ಲಾಪುರದ ಅಂಗಡಿಯಲ್ಲಿ ಕೊಡು ಎಂದರೆ ಅದನ್ನು ವೈದ್ಯಕಿ ಅಲ್ಲ ಎನ್ನಲಾದೀತೆ?

ಇಲ್ಲಿ ಸ್ವಲ್ಪ ನಿಂತು ದಾಭೋಳದ ಮಾತು ಹೇಳಲೇಬೇಕು. ಇದು ಮೇಲಿನ ಮೂರು ಸಂಸ್ಥೆಗಳ ಮೇಲೆ ಹೊರಿಸುವ ಮಾತಲ್ಲ. ಆ ಕಾಲದ ಕಾಗದ ಹೇಗಿರುತ್ತಿತ್ತು, ಅದರ ತೂಕ ಎಷ್ಟು ಎಂಬುದಕ್ಕೆ ಉದಾಹರಣೆ. ಅಮೆರಿಕದ ಎನ್ರಾನ್ ಕಂಪನಿ ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲೂಕಿನಲ್ಲಿ ಎರಡು ಸಾವಿರ ಮೆಗಾವ್ಯಾಟಿಗೂ ಮೀರಿದ ಸ್ಥಾವರ ಕಟ್ಟುವುದಾಗಿ 1992ರ ಜೂನಿನಲ್ಲಿ ವಿದ್ಯುತ್ ಮಂಡಳಿಯ ಜೊತೆ ಒಡಂಬಡಿಕೆ ಮಾಡಿಕೊಂಡಿತು. ವಿಶ್ವಬ್ಯಾಂಕು ಇದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಆದರೂ 1993ರ ಡಿಸೆಂಬರ್ 8ರಂದು ಇಪ್ಪತ್ತು ವರ್ಷದ ಖರೀದಿ ಕರಾರಿಗೆ ಸಹಿ ಬಿತ್ತು. ಕರಾರನ್ನು ಜನರಿಗೆ ತೋರಿಸಿರಲಿಲ್ಲ. ಒಳಗಿನ ಮುಖ್ಯ ಮಾತು ಇಷ್ಟು: ಮಂಡಳಿ ಕರೆಂಟು ತೆಗೆದುಕೊಳ್ಳಲಿ ಬಿಡಲಿ, ಸ್ಥಾವರ ತಯಾರಿದ್ದರೆ ನಿಗದಿತ ಮೊತ್ತ ಕೊಡಲೇಬೇಕು. ಮಂಡಳಿ ಕೊಡದಿದ್ದರೆ ರಾಜ್ಯ ಸರ್ಕಾರ ಕೊಡಬೇಕು, ರಾಜ್ಯ ಕೊಡದಿದ್ದರೆ ಕೇಂದ್ರ ಕೊಡಬೇಕು. ತಂಟೆ ಬಂದರೆ ಲಂಡನ್ನು. ಜಿಐಪಿ ರೈಲಿನ ಖಾತರಿ ಹೊಸ ಹೆಸರಿನಲ್ಲಿ ಬಂದಿತ್ತು.

1995ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಆಗಸ್ಟಿನಲ್ಲಿ ಯೋಜನೆಯನ್ನು ರದ್ದು ಮಾಡಿತು. ಕಂಪನಿ ಕೂಡಲೇ ಲಂಡನ್ನಿನಲ್ಲಿ ಮಧ್ಯಸ್ಥಿಕೆಗೆ ಹೋಯಿತು. ಆಗಲೇ ನಮ್ಮವರಿಗೆ ಕಾಗದದ ಬಿಗಿ ಅರ್ಥವಾದದ್ದು. ತಿಂಗಳುಗಳ ಒಳಗೆ ಮಾತುಕತೆ ಶುರುವಾಗಿ, 1996ರಲ್ಲಿ ಹೊಸ ಒಪ್ಪಂದವಾಯಿತು. ಯೋಜನೆ ದೊಡ್ಡದಾಯಿತೇ ಹೊರತು ಹೋಗಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಹದಿಮೂರೇ ದಿನ ಇದ್ದ ಕೇಂದ್ರ ಸರ್ಕಾರವೂ ಪ್ರತಿಖಾತರಿಗೆ ಒಪ್ಪಿಗೆ ಕೊಟ್ಟೇ ಇಳಿಯಿತು. 1999ರಲ್ಲಿ ಕರೆಂಟು ಬಂತು, ದರ ಮಂಡಳಿಗೆ ತಾಳದಾಯಿತು, 2001ರಲ್ಲಿ ಸ್ಥಾವರ ನಿಂತಿತು, ಅದೇ ಡಿಸೆಂಬರಿನಲ್ಲಿ ಎನ್ರಾನ್ ಅಮೆರಿಕದಲ್ಲಿ ದಿವಾಳಿ ಎದ್ದಿತು. ಆ ವರ್ಷಗಳ ಲೋಡ್ ಶೆಡ್ಡಿಂಗಿನಲ್ಲಿ ಕಂದೀಲು ಹಚ್ಚಿ ಮಕ್ಕಳನ್ನು ಓದಿಸಿದವರು ನಾವೆಲ್ಲ. ಕೊಳ್ಳದ ಕರೆಂಟಿಗೂ ದುಡ್ಡು ಕೊಡಬೇಕು ಎಂಬ ವಾಕ್ಯವನ್ನು ಯಾರೋ ಒಬ್ಬರು ಎಲ್ಲೋ ಕುಳಿತು ಬರೆದಿದ್ದರು, ನಮ್ಮ ಪರವಾಗಿ ಅದನ್ನು ಓದಿ ಸಹಿ ಹಾಕಿದವರೂ ಇದ್ದರು. ಬರೆದವರನ್ನಷ್ಟೇ ಬೈದರೆ ಅರ್ಧ ನ್ಯಾಯ. ವಕೀಲ ತನ್ನ ಕಕ್ಷಿಗಾರನ ಪರವಾಗಿ ಬಿಗಿಯಾಗಿ ಬರೆಯುವುದು ಅವನ ಧರ್ಮ. ಎದುರು ಕುಳಿತವರು ಅಷ್ಟೇ ಬಿಗಿಯಾಗಿ ಓದಿದರೇ ಎಂಬುದು ನಮ್ಮ ಪ್ರಶ್ನೆ.

ಸರಿ, ಮೊಕದ್ದಮೆಗೆ ಬರೋಣ. ಅದೇ 1995ರಲ್ಲಿ 'ಲಾಯರ್ಸ್ ಕಲೆಕ್ಟಿವ್' ಎಂಬ ಸಂಸ್ಥೆ ಬಾಂಬೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿತು. ಇಂದಿರಾ ಜೈಸಿಂಗ್ ಮತ್ತು ಆನಂದ್ ಗ್ರೋವರ್ 1981ರಲ್ಲಿ ಕಟ್ಟಿದ ಸಂಸ್ಥೆ ಅದು. ಬಡವರ, ಹೆಂಗಸರ, ಕಾರ್ಮಿಕರ ಪರವಾಗಿ ನಿಲ್ಲುವಂಥದು. ಅರ್ಜಿಯ ಸಾರ ನೇರವಾಗಿತ್ತು. 1961ರ ವಕೀಲರ ಕಾಯಿದೆಯ 29ನೆಯ ಕಲಮು, ಕಾನೂನಿನ ವೃತ್ತಿ ನಡೆಸಲು ಹಕ್ಕಿರುವುದು ಅಡ್ವೊಕೇಟರಿಗೆ ಮಾತ್ರ ಎನ್ನುತ್ತದೆ. ಈ ಸಂಸ್ಥೆಗಳವರು ಇಲ್ಲಿಯ ಯಾವ ವಕೀಲರ ಪರಿಷತ್ತಿನಲ್ಲೂ ಹೆಸರು ಬರೆಸಿಲ್ಲ. ಅಂದಮೇಲೆ ಇವರಿಗೆ ಒಪ್ಪಿಗೆ ಕೊಡಲು ರಿಸರ್ವ್ ಬ್ಯಾಂಕು ಯಾರು?

ತಮಾಷೆ ನೋಡಿ, ವಿನಿಮಯ ಕಾಯಿದೆಯಲ್ಲೂ 29ನೆಯ ಕಲಮು, ವಕೀಲರ ಕಾಯಿದೆಯಲ್ಲೂ 29ನೆಯ ಕಲಮು. ಎರಡು ಇಪ್ಪತ್ತೊಂಬತ್ತುಗಳ ಜಗಳ ಇದು.

ಸಂಸ್ಥೆಗಳ ಉತ್ತರವೂ ಬಡಬಡಿಕೆಯದಲ್ಲ. ವೃತ್ತಿ ಎಂದರೆ ಕೋರ್ಟಿನಲ್ಲಿ ನಡೆಯುವುದು. ನಾವು ಕೋರ್ಟಿಗೆ ಹೋಗುವುದೇ ಇಲ್ಲ. ಸಲಹೆ ಕೊಡುವುದು, ಕರಡು ಬರೆಯುವುದು ಕಾಯಿದೆಯ ಹೊರಗಿನ ಮಾತು ಎಂದರು. ಕಚೇರಿಯ ಅಧಿಕಾರಿಗಳು, ಬೇರೆ ಬೇರೆ ವೃತ್ತಿಯವರೂ ಕಾನೂನಿನ ಕರಡು ಬರೆಯುತ್ತಾರೆ, ಅಭಿಪ್ರಾಯ ಕೊಡುತ್ತಾರೆ, ಅವರನ್ನೂ ತಡೆಯುತ್ತೀರಾ ಎಂದೂ ಕೇಳಿದರು.

ಅರ್ಜಿ 1995ರದು, ತೀರ್ಪು 2009ರ ಡಿಸೆಂಬರ್ 16ರದು. ಹುಟ್ಟಿದ ಮಗು ಒಂಬತ್ತನೇ ಇಯತ್ತೆ ಮುಟ್ಟುವಷ್ಟು ಕಾಲ. ನಡುವೆ 2000ದಲ್ಲಿ ಆ ವಿನಿಮಯ ಕಾಯಿದೆಯೇ ಹೋಗಿ ಬೇರೊಂದು ಬಂತು. ಆಶರ್ಸ್ಟ್ ತನ್ನ ಹೆಸರಿನಿಂದ ಮಾರಿಸ್ ಕ್ರಿಸ್ಪರನ್ನು ಬಿಟ್ಟಿತು. 'ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ' ಎಂಬ ಗಾದೆ ಬರೀ ಹೊಲದ ತಂಟೆಗೆ ಅಲ್ಲ ಎಂದು ಆಗ ಅನ್ನಿಸಿತು. (ನಮ್ಮ ಸೊಲ್ಲಾಪುರ, ಸಾಂಗಲಿ ಜಿಲ್ಲೆಯವರಂತೂ ಹೈಕೋರ್ಟಿನ ತಾರೀಖಿಗೆ ರಾತ್ರಿ ರೈಲು ಹತ್ತಿ ಮುಂಬಯಿಗೇ ಹೋಗಬೇಕಿತ್ತು. 2025ರ ಆಗಸ್ಟಿನಲ್ಲಿ ಕೊಲ್ಹಾಪುರದಲ್ಲಿ ಸಂಚಾರಿ ಪೀಠ ಶುರುವಾಗಿ ಆ ಕಷ್ಟ ಅಷ್ಟರಮಟ್ಟಿಗೆ ತಪ್ಪಿತು.)

ತೀರ್ಪು ಕೊಟ್ಟವರು ಮುಖ್ಯ ನ್ಯಾಯಮೂರ್ತಿ ಸ್ವತಂತ್ರ ಕುಮಾರ್ ಮತ್ತು ನ್ಯಾಯಮೂರ್ತಿ ಜೆ.ಪಿ. ದೇವಧರ್. ಅವರ ತರ್ಕ ನಮ್ಮಂಥ ಮಾಸ್ತರರಿಗೂ ಅರ್ಥವಾಗುವಷ್ಟು ತಿಳಿಯಾಗಿದೆ. ಕಾಯಿದೆಯ 33ನೆಯ ಕಲಮು ಕೋರ್ಟಿನಲ್ಲಿ ನಡೆಸುವ ವೃತ್ತಿಯ ಬಗ್ಗೆ ಬೇರೆಯಾಗಿಯೇ ಹೇಳುತ್ತದೆ. ಹಾಗಾದರೆ 29ನೆಯ ಕಲಮಿನಲ್ಲಿರುವ 'ಕಾನೂನಿನ ವೃತ್ತಿ' ಅದಕ್ಕಿಂತ ಅಗಲವಾದದ್ದೇ ಇರಬೇಕು. ಸಲಹೆ, ಕರಡು ಎಲ್ಲವೂ ಅದರೊಳಗೆ. ನೌಕರಿಯ ಭಾಗವಾಗಿ ಕರಡು ಬರೆಯುವ ಅಧಿಕಾರಿ ಬೇರೆ, ಅದನ್ನೇ ವೃತ್ತಿಯಾಗಿ ಕಕ್ಷಿಗಾರರಿಗೆ ಮಾಡಿಕೊಡುವ ವಕೀಲರ ಸಂಸ್ಥೆ ಬೇರೆ. ಕೋರ್ಟಿಗೆ ಹೋಗುವ ವಕೀಲ ತಪ್ಪಿದರೆ ಶಿಸ್ತಿನ ಕ್ರಮ ಇದೆ, ಸಲಹೆ ಕೊಡುವವನಿಗೆ ಯಾವ ಲಗಾಮೂ ಇಲ್ಲ ಎಂಬುದು ಕಾಯಿದೆಯ ಉದ್ದೇಶ ಆಗಿರಲಾರದು. ಆದ್ದರಿಂದ ರಿಸರ್ವ್ ಬ್ಯಾಂಕು ಕೊಟ್ಟ ಒಪ್ಪಿಗೆ ಸರಿಯಲ್ಲ. ಇಷ್ಟು ಹೇಳಿ, ವಿದೇಶಿ ವಕೀಲರನ್ನು ಬಿಡಬೇಕೋ ಬೇಡವೋ ಎಂಬುದನ್ನು ಕೇಂದ್ರ ಸರ್ಕಾರ ಬೇಗ ತೀರ್ಮಾನಿಸಲಿ ಎಂದರು. 'ಬೇಗ' ಎಂಬುದಕ್ಕೆ ದೆಹಲಿಯಲ್ಲಿ ಬೇರೆ ಅರ್ಥ ಇದೆ, ಅದು ಮುಂದೆ ಗೊತ್ತಾಗುತ್ತದೆ.

ಈ ತೀರ್ಪನ್ನು ಕೇಳಿ ಹಿಗ್ಗಿದವರಿಗೆ ಒಂದು ಹಳೆಯ ಕಥೆ ನೆನಪಿಸಬೇಕು. 1893ರಲ್ಲಿ ಗುಜರಾತಿನ ಒಬ್ಬ ತರುಣ ಬ್ಯಾರಿಸ್ಟರು ಒಂದು ವ್ಯಾಪಾರಿ ಕಂಪನಿಯ ದಾವೆಯಲ್ಲಿ ಸಹಾಯಕ್ಕೆಂದು ದಕ್ಷಿಣ ಆಫ್ರಿಕೆಗೆ ಹೋದ. ಮರುವರ್ಷ ನಾತಾಲಿನ ಕೋರ್ಟಿನಲ್ಲಿ ಹೆಸರು ಬರೆಸಲು ಅರ್ಜಿ ಹಾಕಿದಾಗ ಅಲ್ಲಿಯ ವಕೀಲರ ಸಂಘ ಅಡ್ಡ ನಿಂತಿತು. ಕೋರ್ಟು ಸಂಘದ ಮಾತು ಕೇಳದೆ ಅವನನ್ನು ಸೇರಿಸಿಕೊಂಡಿತು. ಅವನ ಹೆಸರು ಮೋಹನದಾಸ ಕರಮಚಂದ ಗಾಂಧಿ. ಅಲ್ಲಿ ಅಡ್ಡ ಬಂದದ್ದು ಮೈಬಣ್ಣ, ಇಲ್ಲಿ ಪ್ರಶ್ನೆ ಬೇರೆ, ಒಪ್ಪುತ್ತೇವೆ. ಆದರೂ ಹೊರಗಿನವರು ಬೇಡ ಎನ್ನುವ ವಕೀಲರ ಸಂಘದ ಬಾಯಲ್ಲಿ ನ್ಯಾಯವೂ ಇರುತ್ತದೆ, ಹೊಟ್ಟೆಪಾಡೂ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಮುಂಬಯಿಯ ದೊಡ್ಡ ದೇಶೀ ಕಂಪನಿಗಳು ಈ ಬಾಗಿಲು ಮುಚ್ಚಿದ್ದ ವರ್ಷಗಳಲ್ಲೇ ಚೆನ್ನಾಗಿ ಬೆಳೆದವು ಎಂಬುದನ್ನೂ ಮರೆಯಬಾರದು.

ಕಚೇರಿ ಹೋದರೂ ಕೆಲಸ ಹೋಗಲಿಲ್ಲ. ವಕೀಲರು ಸಿಂಗಪುರದಲ್ಲೋ ಲಂಡನ್ನಿನಲ್ಲೋ 'ಇಂಡಿಯಾ ಡೆಸ್ಕ್' ಹಾಕಿ, ಬೇಕಾದಾಗ ವಿಮಾನದಲ್ಲಿ ಬಂದು, ಹೋಟೆಲಿನ ಕೋಣೆಯಲ್ಲಿ ಕರಾರು ಮುಗಿಸಿ, ಹಿಂತಿರುಗಿ ಹೋಗತೊಡಗಿದರು. ಬೆಂಗಳೂರಿನ ಇನ್ಫೋಸಿಸ್ 1999ರ ಮಾರ್ಚಿನಲ್ಲಿ ಅಮೆರಿಕದ ನಾಸ್‌ಡ್ಯಾಕ್ ಪೇಟೆಗೆ ಕಾಲಿಟ್ಟಿತಲ್ಲ, ಅಂಥ ಕಾಗದಗಳು ಅಮೆರಿಕದ ಕಾನೂನಿನ ಪ್ರಕಾರವೇ ಆಗಬೇಕು. ಅದನ್ನು ಬಲ್ಲ ವಕೀಲರಿಲ್ಲದೆ ನಡೆಯದು. ಬೆಂಗಳೂರಿನದೇ ಇನ್ನೊಂದು ಮಾತು. ಮಾಧವ ಮೆನನ್ ಅವರು ಕಟ್ಟಿದ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಐದು ವರ್ಷದ ಕೋರ್ಸು ಶುರುವಾಯಿತು. ಮೊದಲ ತಂಡ ಹೊರಬಿದ್ದದ್ದು 1993ರಲ್ಲಿ, ಸರಿಯಾಗಿ ಈ ಕಚೇರಿಗಳು ಬರುವ ಹೊತ್ತಿಗೆ. ಅಲ್ಲಿ ಓದಿದ ಹುಡುಗ ಹುಡುಗಿಯರನ್ನು ಲಂಡನ್ನಿನ ಸಂಸ್ಥೆಗಳು ಕಾಲೇಜಿಗೇ ಬಂದು ಆರಿಸಿಕೊಂಡು ಹೋಗತೊಡಗಿದವು. ಲಂಡನ್ನಿನ ವಕೀಲ ಇಲ್ಲಿ ಕಚೇರಿ ಹಾಕುವಂತಿಲ್ಲ, ಬೆಂಗಳೂರಿನಲ್ಲಿ ಓದಿದವರು ಲಂಡನ್ನಿನ ಕಚೇರಿಯಲ್ಲಿ ಕೂರಬಹುದು. ಇನ್ನು ಕಂಪ್ಯೂಟರಿನ ಮುಂದೆ ಕುಳಿತು ಅಮೆರಿಕದ ಮೊಕದ್ದಮೆಯ ಕಾಗದಗಳನ್ನು ವಿಂಗಡಿಸುವ ಹೊರಗುತ್ತಿಗೆ ಕಂಪನಿಗಳು ಬೇರೆ ಹುಟ್ಟಿಕೊಂಡವು.

ಇದರ ವಿರುದ್ಧ 2010ರಲ್ಲಿ ಎ.ಕೆ. ಬಾಲಾಜಿ ಎಂಬ ವಕೀಲರು ಮದ್ರಾಸ್ ಹೈಕೋರ್ಟಿಗೆ ಹೋದರು, ಈ ಸಲ ಮೂವತ್ತಕ್ಕೂ ಹೆಚ್ಚು ವಿದೇಶಿ ಸಂಸ್ಥೆಗಳು ಎದುರುವಾದಿಗಳು. 2012ರ ಫೆಬ್ರವರಿಯ ತೀರ್ಪು ನಡುದಾರಿ ಹಿಡಿಯಿತು: ಕಚೇರಿ ಹಾಕಿ ವೃತ್ತಿ ನಡೆಸುವಂತಿಲ್ಲ, ಬಂದು, ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋದರೆ ತಡೆಯುವಂತಿಲ್ಲ. 2018ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿ ಮಾಡಿತು. ಅಪರೂಪಕ್ಕೆ ಬಂದು ಹೋಗುವುದು ವೃತ್ತಿಯಲ್ಲ, ಪದೇ ಪದೇ ಬಂದರೆ ವೃತ್ತಿಯೇ. ಯಾವುದು ಯಾವುದೆಂದು ಪರಿಷತ್ತು ನೋಡಲಿ. ಬೇಕಾದರೆ ನಿಯಮ ಮಾಡಲಿ ಎಂದಿತು. ಬಾಂಬೆಯ ತೀರ್ಪಿನ ಮೂಲ ಮಾತು ಮಾತ್ರ ಹಾಗೆಯೇ ನಿಂತಿತು: ಸಲಹೆಯೂ ವಕೀಲಿಯೇ.

ನಿಯಮ ಬಂದದ್ದು 2023ರ ಮಾರ್ಚ್ 10ರಂದು. ಮೊದಲು ವಿರೋಧಿಸಿದ್ದ ಭಾರತೀಯ ವಕೀಲರ ಪರಿಷತ್ತೇ ಈಗ ಬಾಗಿಲು ತೆರೆಯುವ ನಿಯಮ ಬರೆಯಿತು, 2025ರ ಮೇ ತಿಂಗಳಲ್ಲಿ ಅದನ್ನು ತಿದ್ದಿತು. 2023ರ ನಿಯಮದ ಪ್ರಕಾರ ವಿದೇಶಿ ಸಂಸ್ಥೆ ಪರಿಷತ್ತಿನಲ್ಲಿ ಹೆಸರು ಬರೆಸಬೇಕು, ಶುಲ್ಕ 50,000 ಡಾಲರು, ಅವಧಿ ಐದು ವರ್ಷ. ಅವರ ದೇಶ ನಮ್ಮ ವಕೀಲರಿಗೆ ಜಾಗ ಕೊಟ್ಟರೆ ಮಾತ್ರ ಇಲ್ಲಿ ಅವರಿಗೆ ಜಾಗ. ತಮ್ಮ ದೇಶದ ಕಾನೂನು, ಅಂತರರಾಷ್ಟ್ರೀಯ ಕಾನೂನು, ಕಂಪನಿಗಳ ಕೊಡುಕೊಳ್ಳುವಿಕೆ, ಇವುಗಳ ಬಗ್ಗೆ ಸಲಹೆ ಕೊಡಬಹುದು. ಹೆಸರು ಬರೆಸದೆ ಬಂದು ಹೋಗುವವರಿಗೆ ವರ್ಷಕ್ಕೆ ಅರವತ್ತು ದಿನದ ಮಿತಿ. ಕೋರ್ಟಿನೊಳಗೆ ಕಾಲಿಟ್ಟು ವಾದಿಸುವಂತಿಲ್ಲ. ಆಸ್ತಿಯ ಖರೀದಿ ಪತ್ರ ಮಾಡಿಕೊಡುವುದು, ಹಕ್ಕಿನ ಮೂಲ ಶೋಧಿಸುವುದು, ಈ ಕೆಲಸಗಳನ್ನೂ ಅವರು ಮುಟ್ಟುವಂತಿಲ್ಲ.

ಅಂದರೆ ಸಾತ್ ಬಾರಾ ಉತಾರೆ ಓದುವುದು, ತಲಾಠಿಯ ಬಳಿ ಫೇರಫಾರ ನೋಡುವುದು, ಅಜ್ಜನ ಕಾಲದ ಮೋಡಿ ಅಕ್ಷರದ ಕಾಗದ ಬಿಡಿಸುವುದು, ಇವೆಲ್ಲ ಇನ್ನೂ ನಮ್ಮ ತಾಲೂಕಿನ ವಕೀಲರದೇ. ಸ್ಥಾವರದ ಕರಾರು ಮಾತ್ರ ಈಗಲೂ ಇಂಗ್ಲಿಷಿನಲ್ಲೇ ಬರೆಯಲಾಗುತ್ತದೆ.